ಮಾಟುಂಗೆಯ ವೃತ್ತವೂ ಬಿಡಾರದ ಹಕ್ಕೂ

ಮುಂಬಯಿಯ ಕನ್ನಡಿಗರಿಗೆ ಮಾಟುಂಗೆಯ ಕಿಂಗ್ಸ್ ಸರ್ಕಲನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ನಡುವೆ ದುಂಡಾದ ಉದ್ಯಾನ; ಅಲ್ಲಿಂದ ಹಲವು ದಿಕ್ಕಿಗೆ ಹೊರಟ ರಸ್ತೆಗಳು; ಇಕ್ಕೆಲಗಳಲ್ಲಿ ಕೆಳಗೆ ಹೋಟೆಲು, ಅಂಗಡಿ, ಮೇಲೆ ಬಿಡಾರ. 1926ರ ಮೈಸೂರು ಅಸೋಸಿಯೇಶನ್, 1942ರಲ್ಲಿ ರಾಮ ನಾಯಕರು ತೆರೆದ ಶ್ರೀಕೃಷ್ಣ ಬೋರ್ಡಿಂಗ್ ಇವೆರಡೂ ಈ ವಠಾರದವೇ.

ಈ ವಿನ್ಯಾಸವು ಆಕಸ್ಮಿಕವಾಗಿ ಒದಗಿದುದಲ್ಲ. 1896ರ ಪ್ಲೇಗು ನಗರದ ಇಕ್ಕಟ್ಟಾದ ವಸತಿಗಳನ್ನು ಕಾಡಿದ ಮೇಲೆ, 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿತು. ದಾದರ-ಮಾಟುಂಗಾ ಯೋಜನೆಯಲ್ಲಿ ಅದು ರಸ್ತೆ, ಉದ್ಯಾನಗಳನ್ನು ಮೊದಲು ಗೊತ್ತುಮಾಡಿ, ಕಟ್ಟಡಗಳ ಎತ್ತರಕ್ಕೂ ಅಂತರಕ್ಕೂ ಮಿತಿ ವಿಧಿಸಿ, ನಿವೇಶನಗಳನ್ನು ಗೇಣಿಗೆ ಕೊಟ್ಟಿತು. ಪಾರ್ಸಿ ಕಾಲೊನಿಯ ಐದು ಉದ್ಯಾನಗಳೂ ಆ ದೃಷ್ಟಿಯ ಫಲವೇ. ಆದರೆ ಟ್ರಸ್ಟು ಮನೆ ಕೆಡವಿದ್ದು ಬಡವರದು. ಈ ಬಡಾವಣೆಗಳ ಸುಖವುಂಡವರು ಬಹುಮಟ್ಟಿಗೆ ಮಧ್ಯಮ ವರ್ಗದವರು.

ಇಂದು ಅದೇ ಕಥೆ ಬೇರೊಂದು ರೂಪದಲ್ಲಿ ಮರಳುತ್ತಿದೆ. 1969ರ ಸೆಪ್ಟೆಂಬರ್ 30ಕ್ಕೆ ಮೊದಲು ಕಟ್ಟಿದ ಸೆಸ್ ಕಟ್ಟಡಗಳನ್ನು ಕೆಡವಿ ಗಗನಚುಂಬಿ ಸೌಧಗಳನ್ನೆಬ್ಬಿಸಲು ನಿಯಮವಿದೆ. ಅರ್ಹ ನಿವಾಸಿಗೆ ಕನಿಷ್ಠ 300 ಚದರ ಅಡಿಯ ಮನೆ ದೊರೆಯುತ್ತದೆ. ಸೋರುವ ಸೂರಿನಡಿ ಬಾಳಿದವನು ಇದಕ್ಕೆ ಒಪ್ಪಿದರೆ ತಪ್ಪೆನ್ನಲಾಗದು.

ಆದರೂ ಎರಡು ಸಂಗತಿಗಳು ವಿಚಾರಾರ್ಹ. ಮೊದಲನೆಯದು: ಟ್ರಸ್ಟು ಇಡೀ ಬಡಾವಣೆಯನ್ನು ಒಟ್ಟಾಗಿ ನೋಡಿತು, ಇಂದಿನ ಬಿಲ್ಡರನು ತನ್ನ ನಿವೇಶನವನ್ನಷ್ಟೇ ನೋಡುತ್ತಾನೆ. ಮನೆಗಳು ಹೆಚ್ಚಿದಂತೆ ರಸ್ತೆ ಅಗಲವಾಗುವುದಿಲ್ಲ. ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದು ಪಾಳಿಗೆ ಹೋದವರಿಗೆ ಚರಂಡಿಯ ಮಾತನ್ನು ಬೇರೆ ಹೇಳಬೇಕಿಲ್ಲ.

ಎರಡನೆಯದು ಇನ್ನೂ ಗಂಭೀರ. 1996ರ ಜೂನ್ 13ರ ಅನಂತರ ಹುಟ್ಟಿದ ಬಾಡಿಗೆ ಹಕ್ಕನ್ನು ಈ ನಿಯಮ ಪರಿಗಣಿಸುವುದಿಲ್ಲ. ಅಂದಮೇಲೆ ಬಂಧುವಿನ ಕೋಣೆಯಲ್ಲಿ ಮಲಗುವ ಗುಮಾಸ್ತನಿಗಾಗಲಿ, ಹೋಟೆಲಿನ ಅಟ್ಟದಲ್ಲಿ ಹಾಸಿಗೆ ಬಿಡಿಸುವ ಮಾಣಿಗಾಗಲಿ ಪಾಲೆಲ್ಲಿ? ಕೆಲಸ ಮಾಟುಂಗೆಯಲ್ಲೇ ಉಳಿದರೂ ವಾಸ ದೂರದ ಉಪನಗರಕ್ಕೆ ಸರಿಯುತ್ತದೆ.

ಆದುದರಿಂದ ಬಾಡಿಗೆಯ ರಸೀತಿ, ಕರಾರುಪತ್ರಗಳನ್ನು ಜೋಪಾನವಾಗಿಡುವುದು ಪ್ರತಿ ಬಾಡಿಗೆದಾರನ ಕರ್ತವ್ಯ. ಒಪ್ಪಿಗೆಯ ಸಹಿ ಹಾಕುವ ಮುನ್ನ ತನ್ನ ಮನೆಯ ಅಳತೆಯನ್ನಷ್ಟೇ ಅಲ್ಲ, ನೀರು, ಚರಂಡಿ, ರಸ್ತೆಯ ಗತಿಯನ್ನೂ ಆತ ಕೇಳಲಿ. ನಮ್ಮ ಸಂಘಗಳು ಕಾಗದವಿಲ್ಲದವರ ಪರವಾಗಿ ಬಾಯಿ ತೆರೆಯಲಿ. ಕಟ್ಟಡಕ್ಕೆ ಒಡೆಯನುಂಟು; ಬೀದಿಗೆ ನಾವೆಲ್ಲರೂ ಒಡೆಯರು.