ಮನೆತನದ ಹೆಸರು, ಊರಿನ ತಂಡ: ಗೋವಾ ಫುಟ್ಬಾಲ್ ಯಾರ ಸ್ವತ್ತು?

ಪಣಜಿ: ಸ್ವಿಟ್ಜರ್‌ಲೆಂಡಿನ ಲೋಸಾನ್‌ನಲ್ಲಿರುವ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2025ರ ಜುಲೈ 18ರಂದು ನೀಡಿದ ತೀರ್ಪಿನಿಂದ ಚರ್ಚಿಲ್ ಬ್ರದರ್ಸ್ ತಂಡದ ಐ-ಲೀಗ್ ಕಿರೀಟ ಕೈತಪ್ಪಿತು. 22 ಪಂದ್ಯಗಳ ಕೊನೆಗೆ ಚರ್ಚಿಲ್ 40 ಅಂಕ, ವಾರಾಣಸಿ ಹೆಸರಿನ ಇಂಟರ್ ಕಾಶಿ 39 ಅಂಕ ಗಳಿಸಿದ್ದವು. ನಾಮಧಾರಿ ತಂಡವು ಅಮಾನತಿನಲ್ಲಿದ್ದ ಆಟಗಾರನನ್ನು ಕಣಕ್ಕಿಳಿಸಿದ್ದರಿಂದ ಆ ಪಂದ್ಯದ 3 ಅಂಕ ತನಗೆ ಸೇರಬೇಕು ಎಂಬುದು ಕಾಶಿಯ ವಾದವಾಗಿತ್ತು. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ ಮೇಲ್ಮನವಿ ಸಮಿತಿ ಈ ವಾದವನ್ನು ತಳ್ಳಿಹಾಕಿತು. ಏಪ್ರಿಲ್ ಕೊನೆಯಲ್ಲಿ ಗೋವಾದಲ್ಲಿ ಚರ್ಚಿಲ್ ತಂಡಕ್ಕೆ ಟ್ರೋಫಿ ಕೊಟ್ಟದ್ದೂ ಆಯಿತು. ಮೂರು ತಿಂಗಳೊಳಗೆ ಲೋಸಾನ್ ತೀರ್ಪು ಬಂದು ಕಾಶಿಯೇ ಚಾಂಪಿಯನ್ ಎಂದಾಯಿತು.

ಕೈತಪ್ಪಿದ್ದು ಬರೀ ಬೆಳ್ಳಿಯ ಬಟ್ಟಲಲ್ಲ. ಐ-ಲೀಗ್ ಗೆದ್ದವರಿಗೆ ಇಂಡಿಯನ್ ಸೂಪರ್ ಲೀಗಿಗೆ ಬಡ್ತಿ ಸಿಗುತ್ತದೆ. ದೇಶದ ಅಗ್ರ ಲೀಗಿಗೆ ಗೋವಾದ ಒಂದು ಕುಟುಂಬದ ತಂಡ ಮರಳಿ ಕಾಲಿಡುವ ಅವಕಾಶ ಅದಾಗಿತ್ತು. ಅದು ಹೋಯಿತು. ಇದರೊಂದಿಗೆ ಗೋವಾದಲ್ಲಿ ಹಳೆಯ ಪ್ರಶ್ನೆಯೊಂದು ಮತ್ತೆ ತಲೆಯೆತ್ತಿದೆ. ಕುಟುಂಬಗಳು ಕಟ್ಟಿ ಬೆಳೆಸಿದ ಫುಟ್ಬಾಲ್ ತಂಡಗಳಿಗೆ ಇನ್ನು ಭವಿಷ್ಯ ಉಂಟೆ?

ಆರಕ್ಕೆ ಆರು

ಇಂದಿನ ಹುಡುಗರಿಗೆ ನಂಬುವುದು ಕಷ್ಟ, ಆದರೆ ಲೆಕ್ಕ ಸ್ಪಷ್ಟವಾಗಿದೆ. 2007-08ರಲ್ಲಿ ಐ-ಲೀಗ್ ಆರಂಭವಾದ ಮೇಲೆ ಮೊದಲ ಆರು ಕಿರೀಟಗಳೂ ಗೋವಾಕ್ಕೆ ಬಂದವು. ಡೆಂಪೊ, ಚರ್ಚಿಲ್, ಡೆಂಪೊ, ಸಾಳಗಾಂವಕರ್, ಡೆಂಪೊ, ಮತ್ತೆ ಚರ್ಚಿಲ್. ಇದಕ್ಕೆ ಮೊದಲಿನ ರಾಷ್ಟ್ರೀಯ ಲೀಗನ್ನೂ ಸೇರಿಸಿದರೆ ಡೆಂಪೊ ಒಂದೇ ಐದು ಸಲ ದೇಶದ ಚಾಂಪಿಯನ್. 2008ರಲ್ಲಿ ಎಎಫ್‌ಸಿ ಕಪ್‌ನ ಸೆಮಿಫೈನಲ್ ತನಕ ಹೋದದ್ದೂ ಇದೇ ತಂಡ. ಎರಡು ಜಿಲ್ಲೆಗಳ ಪುಟ್ಟ ರಾಜ್ಯವೊಂದು ಕೋಲ್ಕತ್ತದಂಥ ಮಹಾನಗರವನ್ನು ಆರು ವರ್ಷ ಹಿಂದಿಕ್ಕಿತ್ತು.

ಈ ಮೂರೂ ತಂಡಗಳ ಹೆಸರು ಊರಿನದಲ್ಲ, ಮನೆತನದ್ದು. ಡೆಂಪೊ ಮತ್ತು ಸಾಳಗಾಂವಕರ್ ಕಬ್ಬಿಣದ ಅದಿರಿನಿಂದ ಬೆಳೆದ ಉದ್ಯಮಿ ಕುಟುಂಬಗಳು. ಸಾಳಗಾಂವಕರ್ ತಂಡ ಹುಟ್ಟಿದ್ದು 1956ರಲ್ಲಿ, ಪೋರ್ಚುಗೀಸರ ಆಳ್ವಿಕೆ ಇನ್ನೂ ಇದ್ದಾಗ. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ವಾಸ್ಕೊ ಅದರ ಊರು. 1988ರಲ್ಲಿ ಫೆಡರೇಷನ್ ಕಪ್ ಗೆದ್ದು, ಆ ಟ್ರೋಫಿಯನ್ನು ಗೋವಾಕ್ಕೆ ತಂದ ಮೊದಲ ಕ್ಲಬ್ ಅದು. ಚರ್ಚಿಲ್ ಬ್ರದರ್ಸ್ ರಾಜಕಾರಣಿ ಚರ್ಚಿಲ್ ಆಲೆಮಾವ್ ಕುಟುಂಬದ ತಂಡ. ಸಾಲ್ಸೆಟ್ ತಾಲೂಕಿನ ವಾರ್ಕಾದ ಕ್ಲಬ್ಬನ್ನು ವಹಿಸಿಕೊಂಡು 1988ರಲ್ಲಿ ಈ ಹೆಸರು ಕೊಡಲಾಯಿತು. 1990ರಲ್ಲಿ ಕೆಲವೇ ದಿನಗಳ ಮಟ್ಟಿಗೆ ಮುಖ್ಯಮಂತ್ರಿಯಾಗಿದ್ದ ಆಲೆಮಾವ್, ಮುಂದೆ ಸಂಸದರೂ ರಾಜ್ಯದ ಸಚಿವರೂ ಆದರು. ತಂಡದ ಆಡಳಿತ ಈಗ ಮಗಳು ವಾಲಂಕಾ ಆಲೆಮಾವ್ ಕೈಯಲ್ಲಿದೆ.

ಲಾಭವಿಲ್ಲದ ವ್ಯಾಪಾರ

ಭಾರತದಲ್ಲಿ ಫುಟ್ಬಾಲ್ ತಂಡ ನಡೆಸುವುದು ಬಿಳಿ ಆನೆ ಸಾಕಿದಂತೆ. ಯೂರೋಪಿನಲ್ಲಿ ಕ್ಲಬ್ಬಿಗೆ ಟಿವಿ ಹಕ್ಕಿನ ಹಣ, ಟಿಕೆಟ್ ಹಣ, ಆಟಗಾರರ ಮಾರಾಟದ ಹಣ ಎಂದು ಮೂರು ದಾರಿಗಳಿವೆ. ಐ-ಲೀಗಿನ ಕ್ಲಬ್‌ಗಳಿಗೆ ಈ ಮೂರೂ ಬಾಗಿಲು ಬಹುಪಾಲು ಮುಚ್ಚಿಯೇ ಇದ್ದವು. ಸ್ವಂತ ಕ್ರೀಡಾಂಗಣವೂ ಇಲ್ಲ. ಮಡಗಾಂವ್‌ನ ಫಾತೋರ್ಡಾ ಮೈದಾನ ಸರಕಾರದ್ದು. ಹಾಗಿರುವಾಗ ವರ್ಷದ ಖರ್ಚು ಬರುವುದೆಲ್ಲಿಂದ? ಧಣಿಯ ಜೇಬಿನಿಂದ.

ಹೀಗಿದ್ದೂ ಕುಟುಂಬಗಳು ತಂಡ ಸಾಕಿದ್ದಕ್ಕೆ ಕಾರಣಗಳಿದ್ದವು. ಅದಿರು ಗಣಿಯಿಂದ ಧೂಳೂ ಬರುತ್ತದೆ, ದುಡ್ಡೂ ಬರುತ್ತದೆ. ಧೂಳು ಕುಡಿಯುವ ಜನರ ಪ್ರೀತಿ ಗಳಿಸಲು ಫುಟ್ಬಾಲಿಗಿಂತ ಸುಲಭದ ದಾರಿ ಗೋವಾದಲ್ಲಿ ಇರಲಿಲ್ಲ. ರಾಜಕಾರಣಿಗೂ ಅಷ್ಟೆ. ಭಾಷಣಕ್ಕೆ ಬಾರದವರು ಪಂದ್ಯಕ್ಕೆ ಬರುತ್ತಾರೆ. ಆದರೆ ಲೆಕ್ಕಾಚಾರವೊಂದೇ ಕಾರಣ ಎಂದರೆ ಅನ್ಯಾಯವಾದೀತು. ಹತ್ತಾರು ವರ್ಷ ನಷ್ಟ ಸಹಿಸಲು ಆಟದ ಮೇಲಿನ ಹುಚ್ಚೂ ಬೇಕು. ಅದು ಈ ಮೂರೂ ಮನೆಗಳಲ್ಲಿತ್ತು.

ಕುಟುಂಬದ ಮಾಲಿಕತ್ವದ ಬಲವೂ ಅಲ್ಲೇ ಇದೆ. ತೀರ್ಮಾನಕ್ಕೆ ಸಭೆ, ಠರಾವುಗಳ ಗೋಜಿಲ್ಲ. ಡೆಂಪೊ ತಂಡದಲ್ಲಿ ಅರ್ಮಾಂದೊ ಕೊಲಾಸೊ ಒಂದು ದಶಕಕ್ಕೂ ಹೆಚ್ಚು ಕಾಲ ತರಬೇತುದಾರರಾಗಿದ್ದರು. ಐದೂ ಕಿರೀಟಗಳು ಅವರ ಕಾಲದಲ್ಲೇ ಬಂದವು. ಕ್ಲೈಮ್ಯಾಕ್ಸ್ ಲಾರೆನ್ಸ್, ಮಹೇಶ್ ಗವಳಿ, ಸಮೀರ್ ನಾಯಕ್, ಕ್ಲಿಫರ್ಡ್ ಮಿರಾಂಡಾ ಅವರಂಥ ಗೋವಾದ ಹುಡುಗರು ಆ ತಂಡದ ಬೆನ್ನೆಲುಬಾಗಿದ್ದರು. ಎರಡು ಪಂದ್ಯ ಸೋತರೆ ತರಬೇತುದಾರನನ್ನು ಕಳಿಸಿಬಿಡುವ ಇಂದಿನ ಕಾಲದಲ್ಲಿ ಅಂಥ ತಾಳ್ಮೆ ಅಪರೂಪ.

ಒಂದೇ ಸಹಿಯಲ್ಲಿ ಅಂತ್ಯ

ಬಲ ಇರುವಲ್ಲೇ ದೌರ್ಬಲ್ಯವೂ ಇದೆ. ತಂಡ ಕಟ್ಟಲು ಒಬ್ಬರ ಮನಸ್ಸು ಸಾಕು ಎಂದಾದರೆ ಮುಚ್ಚಲೂ ಒಬ್ಬರ ಮನಸ್ಸು ಸಾಕು. ದೇಶದ ಮೊದಲ ರಾಷ್ಟ್ರೀಯ ಲೀಗನ್ನು 1996-97ರಲ್ಲಿ ಗೆದ್ದ ಪಂಜಾಬಿನ ಜೆಸಿಟಿ ತಂಡವನ್ನು ಅದರ ಜವಳಿ ಕಂಪನಿ 2011ರಲ್ಲಿ ಮುಚ್ಚಿತು. ಅದಕ್ಕೆ ಒಂದು ವರ್ಷ ಮೊದಲು ಮುಂಬೈಯ ಮಹೀಂದ್ರ ಯುನೈಟೆಡ್ ಕಣ್ಮರೆಯಾಗಿತ್ತು. ಅಭಿಮಾನಿಗಳನ್ನು ಯಾರೂ ಕೇಳಲಿಲ್ಲ, ಕೇಳಬೇಕೆಂಬ ಕಾನೂನೂ ಇರಲಿಲ್ಲ.

ಗೋವಾದ ಸರದಿ 2016ರಲ್ಲಿ ಬಂತು. ಅದರ ಬೀಜ ಬಿದ್ದದ್ದು 2010ರಲ್ಲಿ. ಆ ವರ್ಷ ಫೆಡರೇಷನ್ ಐಎಂಜಿ-ರಿಲಯನ್ಸ್ ಜತೆ 15 ವರ್ಷಕ್ಕೆ 700 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. 2014ರಲ್ಲಿ ಕ್ರಿಕೆಟ್ಟಿನ ಐಪಿಎಲ್ ಮಾದರಿಯಲ್ಲಿ ಐಎಸ್‌ಎಲ್ ಶುರುವಾಯಿತು. ಸಿನಿಮಾ ನಟರು, ಕ್ರಿಕೆಟ್ ತಾರೆಯರು ಪಾಲುದಾರರಾದರು. ಎರಡು ವರ್ಷದ ಬಳಿಕ ಐಎಸ್‌ಎಲ್ ಅನ್ನೇ ಮೊದಲ ದರ್ಜೆಯ ಲೀಗ್ ಮಾಡಿ, ಐ-ಲೀಗನ್ನು ಕೆಳಗಿಳಿಸುವ ಪ್ರಸ್ತಾವ ಬಂತು. ಇದನ್ನು ಪ್ರತಿಭಟಿಸಿ ಸಾಳಗಾಂವಕರ್ ಮತ್ತು ಸ್ಪೋರ್ಟಿಂಗ್ ಕ್ಲಬ್ ದಿ ಗೋವಾ ಐ-ಲೀಗಿನಿಂದ ಹೊರನಡೆದವು. ಎರಡನೇ ದರ್ಜೆ ಗೆದ್ದು ಆಗಷ್ಟೇ ಬಡ್ತಿ ಪಡೆದಿದ್ದ ಡೆಂಪೊ ಕೂಡ ಅದೇ ಹಾದಿ ಹಿಡಿಯಿತು. ಆರು ಕಿರೀಟ ಗೆದ್ದ ರಾಜ್ಯದ ದೊಡ್ಡ ತಂಡಗಳು ಒಂದೇ ವರ್ಷದಲ್ಲಿ ರಾಷ್ಟ್ರೀಯ ಭೂಪಟದಿಂದ ಅಳಿಸಿಹೋದವು.

ಗಣಿಗಾರಿಕೆ ನಿಂತದ್ದೇ ಇದಕ್ಕೆಲ್ಲ ಕಾರಣ ಎನ್ನುವವರಿದ್ದಾರೆ. ಶಾ ಆಯೋಗದ ವರದಿಯ ಬಳಿಕ 2012ರಲ್ಲಿ ಗೋವಾದ ಗಣಿಗಳು ಸ್ತಬ್ಧವಾದದ್ದು ನಿಜ. 2014ರಲ್ಲಿ ಮಿತಿಯೊಂದಿಗೆ ಅನುಮತಿ ಸಿಕ್ಕರೂ 2018ರಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳನ್ನು ರದ್ದುಪಡಿಸಿತು. ಗಣಿ ಮನೆತನಗಳಿಗೆ ಪೆಟ್ಟು ಬಿದ್ದೇ ಬಿತ್ತು. ಆದರೆ ಡೆಂಪೊ ತನ್ನ ಗಣಿ ವ್ಯವಹಾರವನ್ನು 2009ರಲ್ಲೇ 1,750 ಕೋಟಿ ರೂಪಾಯಿಗೆ ಸೆಸಾ ಗೋವಾ ಕಂಪನಿಗೆ ಮಾರಿತ್ತು. ಅದರ ಬಳಿಕವೂ ಎರಡು ಸಲ ಚಾಂಪಿಯನ್ ಆಯಿತು. ಹಣದ ಕೊರತೆಗಿಂತ ಮುಖ್ಯವಾದದ್ದು ಬೇರೆ. ಗೆದ್ದರೂ ಮೇಲೇರಲಾಗದ ಲೀಗಿನಲ್ಲಿ ಹಣ ಸುರಿಯಲು ಯಾವ ಕುಟುಂಬಕ್ಕೂ ಮನಸ್ಸು ಬರಲಿಲ್ಲ.

ವಿಚಿತ್ರವೆಂದರೆ, ಹೊಸ ವ್ಯವಸ್ಥೆಯಲ್ಲೂ ಹಳೆಯ ಮನೆತನಗಳಿದ್ದವು. 2014ರಲ್ಲಿ ಎಫ್‌ಸಿ ಗೋವಾ ಫ್ರಾಂಚೈಸಿಯ ಆರಂಭದ ಪಾಲುದಾರರಲ್ಲಿ ವಿಡಿಯೋಕಾನ್ ಜತೆ ಶ್ರೀನಿವಾಸ ಡೆಂಪೊ ಹಾಗೂ ದತ್ತರಾಜ ಸಾಳಗಾಂವಕರ್ ಹೆಸರುಗಳಿದ್ದವು. ಮುಂದೆ ಜಯದೇವ ಮೋದಿ ಮೊದಲಾದವರ ಕೈಗೆ ತಂಡ ಬಂತು. ಎಫ್‌ಸಿ ಗೋವಾ ಕಳಪೆ ತಂಡವೇನಲ್ಲ. 2021ರಲ್ಲಿ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಗುಂಪು ಹಂತದಲ್ಲಿ ಆಡಿದ ಮೊದಲ ಭಾರತೀಯ ಕ್ಲಬ್ ಅದು. 2025ರಲ್ಲಿ ಸೂಪರ್ ಕಪ್ ಗೆದ್ದಿದೆ. ಆದರೆ ಮೂರು ನಾಲ್ಕು ಬಲಾಢ್ಯ ತಂಡಗಳಿದ್ದ ಕಡೆ ಈಗ ಒಂದೇ ಉಳಿದಿದೆ ಎಂಬುದು ಗಮನಿಸಬೇಕಾದ ವಿಷಯ. ತಂಡ ಕಡಿಮೆಯಾದರೆ ಊರ ಹುಡುಗರಿಗೆ ಸಿಗುವ ಜಾಗವೂ ಕಡಿಮೆಯಾಗುತ್ತದೆ.

ಚರ್ಚಿಲ್ ಕಥೆ

ಈ ಬಿರುಗಾಳಿಯಲ್ಲಿ ಹಟ ಹಿಡಿದು ನಿಂತದ್ದು ಆಲೆಮಾವ್ ಕುಟುಂಬ. ಆ ತಂಡದ ಏಳುಬೀಳು ಕುಟುಂಬದ ಏಳುಬೀಳಿನಂತೆಯೇ ಇದೆ. 2012ರ ವಿಧಾನಸಭಾ ಚುನಾವಣೆಯಲ್ಲಿ ಕುಟುಂಬದ ನಾಲ್ವರು ನಿಂತು ನಾಲ್ವರೂ ಸೋತರು. ಮರುವರ್ಷವೇ ತಂಡ ಐ-ಲೀಗ್ ಗೆದ್ದಿತು. ಅದರ ಮುಂದಿನ ಋತುವಿನಲ್ಲಿ ಫೆಡರೇಷನ್ ಕಪ್ ಗೆದ್ದರೂ ಲೀಗಿನಲ್ಲಿ ತಳಕ್ಕೆ ಬಿತ್ತು. ಪರವಾನಗಿ ನಿಯಮ ಪೂರೈಸದೆ ಹೊರಬಿದ್ದು, 2016-17ರಲ್ಲಿ ಮರಳಿತು. 2020-21ರಲ್ಲಿ ಕೇರಳದ ಗೋಕುಲಂ ತಂಡದಷ್ಟೇ, ಅಂದರೆ 29 ಅಂಕ ಗಳಿಸಿಯೂ ಪರಸ್ಪರ ಪಂದ್ಯಗಳ ಫಲಿತಾಂಶದ ಆಧಾರದಲ್ಲಿ ಕಿರೀಟ ಕಳೆದುಕೊಂಡಿತು. 2025ರಲ್ಲಿ ಮತ್ತೆ ಹಾಗೇ ಆಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮ ವಿಷಯವಿದೆ. ವಾಲಂಕಾ ಆಲೆಮಾವ್ 2022ರಲ್ಲಿ ಫೆಡರೇಷನ್ನಿನ ಕಾರ್ಯಕಾರಿ ಸಮಿತಿಗೆ ಆಯ್ಕೆಯಾದವರು. ಚರ್ಚಿಲ್ ಆಲೆಮಾವ್ ಹಾಗೂ ಶ್ರೀನಿವಾಸ ಡೆಂಪೊ ಬೇರೆ ಬೇರೆ ಅವಧಿಯಲ್ಲಿ ಗೋವಾ ಫುಟ್ಬಾಲ್ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಅಧಿಕಾರದ ದುರುಪಯೋಗ ಆಯಿತೆಂದು ಇದರ ಅರ್ಥವಲ್ಲ. ಆದರೆ ತಂಡದ ಧಣಿಯೇ ಆಟದ ಆಡಳಿತದಲ್ಲೂ ಕುಳಿತಾಗ, ತೀರ್ಪು ಸರಿಯಾಗಿದ್ದರೂ ಜನ ಅನುಮಾನ ಪಡುತ್ತಾರೆ. ನ್ಯಾಯ ನಡೆದರಷ್ಟೇ ಸಾಲದು, ನಡೆದಂತೆ ಕಾಣಲೂ ಬೇಕು. ಆ ಎಚ್ಚರ ಇಲ್ಲದಿದ್ದುದರಿಂದಲೇ ಮಡಗಾಂವ್‌ನ ಜಗಳ ಲೋಸಾನ್ ತನಕ ಹೋಯಿತು.

ದೊಡ್ಡ ಕಂಪನಿ ಬಂದರೆ ಸಾಕೆ?

ಕುಟುಂಬದ ಕಾಲ ಮುಗಿಯಿತು, ಇನ್ನು ಕಾರ್ಪೊರೇಟ್ ಕಾಲ ಎಂಬ ಮಾತು ಹತ್ತು ವರ್ಷದಿಂದ ಕೇಳಿಬರುತ್ತಿದೆ. ಗೋವಾದ ಆರು ವರ್ಷಗಳ ಓಟಕ್ಕೆ ತಡೆ ಹಾಕಿದ್ದು ಬೆಂಗಳೂರು ಎಫ್‌ಸಿ. 2013ರಲ್ಲಿ ಹುಟ್ಟಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ತಂಡವದು. 2019ರಲ್ಲಿ ಐಎಸ್‌ಎಲ್ ಫೈನಲ್‌ನಲ್ಲಿ ಎಫ್‌ಸಿ ಗೋವಾವನ್ನು ಸೋಲಿಸಿದ್ದೂ ಅದೇ. ಅದರ ಒಡೆಯರು ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇರುವ ಜೆಎಸ್‌ಡಬ್ಲ್ಯು ಸಮೂಹ. ಅಂದರೆ ಜಿಂದಾಲ್ ಕುಟುಂಬ. ಅದಿರಿನ ಮನೆತನ ಹೋಗಿ ಉಕ್ಕಿನ ಮನೆತನ ಬಂತು, ಅಷ್ಟೆ. ವ್ಯವಸ್ಥಾಪನೆ ವೃತ್ತಿಪರವಾಗಿದೆ, ಲೆಕ್ಕಪತ್ರ ಚೊಕ್ಕಟವಾಗಿದೆ, ನಿಜ. ಆದರೂ ಕೊನೆಯ ಮಾತು ಕುಟುಂಬದ್ದೇ.

2025ರಲ್ಲಿ ಇದು ಬಯಲಾಯಿತು. ಫೆಡರೇಷನ್ ಮತ್ತು ರಿಲಯನ್ಸ್ ಪಾಳಯದ ಒಪ್ಪಂದ ಆ ಡಿಸೆಂಬರಿಗೆ ಮುಗಿಯಲಿತ್ತು. ನವೀಕರಣವಾಗದೆ ಜುಲೈಯಲ್ಲೇ ಐಎಸ್‌ಎಲ್ ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಡಿಸೆಂಬರಿನಲ್ಲಿ ವಿದೇಶಿ ದೈತ್ಯ ಸಿಟಿ ಫುಟ್ಬಾಲ್ ಗ್ರೂಪ್ ಮುಂಬೈ ಸಿಟಿ ತಂಡದಿಂದ ಕೈತೊಳೆದುಕೊಂಡಿತು. ಮೊಟಕುಗೊಂಡ ಲೀಗ್ ಆರಂಭವಾದದ್ದು 2026ರ ಫೆಬ್ರವರಿಯಲ್ಲಿ. ಆದಾಯ ಇಲ್ಲದ ಆಟಕ್ಕೆ ಒಡೆಯ ಯಾರಾದರೂ ಪಾಡು ಒಂದೇ ಎಂಬುದು ಇದರಿಂದ ಸಾಬೀತಾಯಿತು.

ಊರಿಗೂ ಒಂದು ಪಾಲು

ಹಾಗಾದರೆ ದಾರಿ ಯಾವುದು? ಜರ್ಮನಿಯಲ್ಲಿ ಕ್ಲಬ್ಬಿನ ಮತಾಧಿಕಾರದಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಇಂಗ್ಲೆಂಡ್ 2025ರಲ್ಲಿ ಕಾನೂನು ಮಾಡಿ ಫುಟ್ಬಾಲಿಗೆ ಸ್ವತಂತ್ರ ನಿಯಂತ್ರಕರನ್ನು ತಂದಿದೆ. ಕ್ಲಬ್ ಕೊಳ್ಳುವವರ ಯೋಗ್ಯತೆ, ಹಣದ ಮೂಲ ಪರಿಶೀಲಿಸುವುದು ಅದರ ಕೆಲಸ. ಅಷ್ಟು ದೂರ ಹೋಗುವುದೇ ಬೇಡ. ಕೋಲ್ಕತ್ತದ ಮೋಹನ್ ಬಾಗಾನ್ 2020ರಲ್ಲಿ ಫುಟ್ಬಾಲ್ ವಿಭಾಗದ ಶೇ. 80 ಪಾಲನ್ನು ಆರ್‌ಪಿಎಸ್‌ಜಿ ಸಮೂಹಕ್ಕೆ ಕೊಟ್ಟಾಗ ಹೆಸರಿನ ಮುಂದೆ ಎಟಿಕೆ ಎಂಬ ಮೂರಕ್ಷರ ಸೇರಿತು. ಬೆಂಬಲಿಗರು ಬೀದಿಗಿಳಿದರು. 2023ರಲ್ಲಿ ಒಡೆಯರು ಆ ಅಕ್ಷರ ತೆಗೆದರು. ಸದಸ್ಯರಿರುವ, ನೂರು ವರ್ಷದ ನೆನಪಿರುವ ಕ್ಲಬ್ಬಿಗೆ ಆ ಬಲವಿತ್ತು. ಗೋವಾದ ಅಭಿಮಾನಿಗೆ ಚಪ್ಪಾಳೆಯ ಹಕ್ಕು ಮಾತ್ರ ಇತ್ತು.

ಗೋವಾದಂಥ ಕಡೆ ಕುಟುಂಬಗಳನ್ನು ದೂರವಿಟ್ಟು ಫುಟ್ಬಾಲ್ ನಡೆಸುವುದು ಆಗದ ಮಾತು. ಅವರ ಹಣ, ಅನುಭವ ಎರಡೂ ಬೇಕು. ಬೇಕಾದದ್ದು ಕೆಲವು ಕಟ್ಟುಪಾಡು. ತಂಡ ಮುಚ್ಚುವ ಮೊದಲು ಊರಿನ ಸಂಘ ಸಂಸ್ಥೆಗಳಿಗೆ ವಹಿಸಿಕೊಳ್ಳಲು ಅವಕಾಶ ಕೊಡಬೇಕು. ಒಂದು ಋತುವಿನ ಸಂಬಳದಷ್ಟು ಹಣವನ್ನು ಠೇವಣಿ ಇಡಬೇಕು. ಮಾಲೀಕರು ಆಡಳಿತ ಸಂಸ್ಥೆಯಲ್ಲಿದ್ದರೆ ತಮ್ಮ ತಂಡದ ವಿಚಾರ ಬಂದಾಗ ಹೊರಗಿರಬೇಕು. ಬೆಂಬಲಿಗರ ಪ್ರತಿನಿಧಿಯೊಬ್ಬರು ಆಡಳಿತ ಮಂಡಳಿಯಲ್ಲಿರಬೇಕು. ಇವುಗಳಲ್ಲಿ ಕೋಟಿಗಟ್ಟಲೆ ಖರ್ಚಿನ ಸಂಗತಿ ಯಾವುದೂ ಇಲ್ಲ.

ಆಸೆಗೆ ಎಡೆಯಿಲ್ಲದೆಯೂ ಇಲ್ಲ. ಡೆಂಪೊ ಮತ್ತೆ ಕೆಳಗಿನಿಂದ ಹತ್ತಿ 2024-25ರಲ್ಲಿ ಐ-ಲೀಗ್ ಆಡಿತು. ಎಂಟು ವರ್ಷ ಹೊರಗಿದ್ದ ಮನೆತನಕ್ಕೂ ಆಟದ ಸೆಳೆತ ಬಿಟ್ಟಿರಲಿಲ್ಲ. ಆದರೆ ಆ ಎಂಟು ವರ್ಷಗಳಲ್ಲಿ ಇಪ್ಪತ್ತರ ವಯಸ್ಸು ದಾಟಿಹೋದ ಆಟಗಾರರಿಗೆ ಕಾಲ ಮರಳಿ ಬರುವುದಿಲ್ಲ. ಧಣಿಗೆ ತಂಡ ಬಿಟ್ಟು ಮತ್ತೆ ಹಿಡಿಯುವ ಅನುಕೂಲವಿದೆ. ವಾಸ್ಕೊ, ಮಡಗಾಂವ್‌ಗಳ ಬಯಲಲ್ಲಿ ಬರಿಗಾಲಲ್ಲಿ ಚೆಂಡು ಒದೆಯುವ ಹುಡುಗನಿಗೆ ಅದಿಲ್ಲ. ನಿಯಮ ಮಾಡುವವರು ಮೊದಲು ನೆನೆಯಬೇಕಾದದ್ದು ಆ ಹುಡುಗನನ್ನು.