ಬೀದಿಯ ಕಣ್ಣುಗಳು ಯಾರವು?

ಕೇಂದ್ರ ಸರಕಾರದವರು 2015ನೆಯ ಜೂನ್ 25ರಂದು ಆರಂಭಿಸಿದ ಸ್ಮಾರ್ಟ್ ಸಿಟಿ ಯೋಜನೆಯು 2025ನೆಯ ಮಾರ್ಚ್ 31ಕ್ಕೆ ಮುಗಿಯಿತಷ್ಟೆ. ಆ ನೂರು ನಗರಗಳಲ್ಲಿ ಬೆಂಗಳೂರು, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಶಿವಮೊಗ್ಗ, ತುಮಕೂರು, ಮಂಗಳೂರುಗಳೂ ಸೇರಿದ್ದುವು. ಯೋಜನೆಯು ಮುಗಿದರೂ ಕಂಬಗಳ ಮೇಲಿನ ಕ್ಯಾಮರಾಗಳೂ, ಅವು ಕಂಡುದನ್ನೆಲ್ಲ ಕೂಡಿಡುವ ನಿಯಂತ್ರಣ ಕೇಂದ್ರಗಳೂ ಉಳಿದಿವೆ.

ಇವುಗಳಿಂದ ಉಪಯೋಗವಿಲ್ಲವೆಂದು ನಾವು ಹೇಳುವವರಲ್ಲ. ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ನೆರವಿನಿಂದ ಹಾಕಿಸಿದ 7,000ಕ್ಕೂ ಮಿಕ್ಕ ಕ್ಯಾಮರಾಗಳು ಸ್ತ್ರೀಯರ ರಕ್ಷಣೆಗೆಂದೇ ಬಂದುವು. ಆ ಉದ್ದೇಶವನ್ನು ಅಲ್ಲಗಳೆಯುವವರಾರು? ಆದರೆ ಹಿಂದಿನ ಕಾಲದ ತಳವಾರನು ರಾತ್ರಿ ಕಂಡುದನ್ನು ನಾಲ್ಕು ದಿನಕ್ಕೆ ಮರೆಯುತ್ತಿದ್ದನು. ಯಂತ್ರಕ್ಕೆ, ನಾವಾಗಿ ಅಳಿಸದ ಹೊರತು, ಮರೆವೆಂಬುದಿಲ್ಲ. ಗೃಹಸ್ಥನೊಬ್ಬನು ಸೋಮವಾರ ವೈದ್ಯರಲ್ಲಿಗೂ, ಮಂಗಳವಾರ ವಕೀಲರಲ್ಲಿಗೂ, ಬುಧವಾರ ಸರಕಾರವನ್ನು ಖಂಡಿಸುವ ಸಭೆಗೂ ಹೋದುದು ಬಿಡಿಯಾಗಿ ಏನೂ ಅಲ್ಲ. ಒಂದೆಡೆ ಪೋಣಿಸಿದರೆ ಅವನ ಜಾತಕವೇ ಆಯಿತು. ಪರರ ಆಳ್ವಿಕೆಯಲ್ಲಿ ದೇಶಭಕ್ತರ ಬೆನ್ನಿಗೆ ಗುಪ್ತಚಾರರನ್ನು ಬಿಡುತ್ತಿದ್ದರು. ಆಗ ಒಬ್ಬನ ಬೆನ್ನಿಗೆ ಒಬ್ಬನು ಬೇಕಾಗಿದ್ದನು. ಈಗ ಆ ವೆಚ್ಚವೂ ಇಲ್ಲ.

ಈ ಜಾತಕಕ್ಕೆ ಒಡೆಯರಾರು? ಯೋಜನೆಯನ್ನು ನಡೆಯಿಸಿದುದು ನಗರಸಭೆಗಳಲ್ಲ. 2013ರ ಕಂಪನಿ ಶಾಸನದ ಮೇರೆಗೆ ನಗರಕ್ಕೊಂದರಂತೆ ಕಟ್ಟಿದ ಕಂಪನಿಗಳು. ಪಾಲುಬಂಡವಾಳದಲ್ಲಿ ಅರ್ಧ ನಗರಸಭೆಯದೇನೋ ಹೌದು. ಕಾರುಬಾರು ಮಾತ್ರ ನೇಮಕವಾದ ಅಧಿಕಾರಿಗಳದು. ಬೆಂಗಳೂರಿನಲ್ಲಂತೂ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ತೀರಿದ ಬಳಿಕ ಐದು ವರ್ಷಕಾಲ ಚುನಾವಣೆಯೇ ನಡೆಯಲಿಲ್ಲ. ಪ್ರಶ್ನೆ ಕೇಳಬೇಕಾದ ಸದಸ್ಯರೇ ಇಲ್ಲದ ಮೇಲೆ ಉತ್ತರ ಹೇಳುವವರೆಲ್ಲಿ?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ನೆಯ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿದರು. ಬಳಿಕ ಬಂದ 2023ರ ದತ್ತಾಂಶ ಸಂರಕ್ಷಣಾ ಶಾಸನವಾದರೋ, ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದ ಕಾರಣಗಳಿಗಾಗಿ ಸರಕಾರವು ತನ್ನ ಸಂಸ್ಥೆಗಳನ್ನು ಶಾಸನದಿಂದಲೇ ಹೊರಗಿಡಬಹುದೆಂದು 17ನೆಯ ಕಲಮಿನಲ್ಲಿ ದಾರಿ ಬಿಟ್ಟಿತು. ಅಷ್ಟಕ್ಕೇ ನಿಲ್ಲದೆ 44ನೆಯ ಕಲಮಿನಿಂದ ಮಾಹಿತಿ ಹಕ್ಕಿನ ಶಾಸನವನ್ನೂ ತಿದ್ದಿ, ವೈಯಕ್ತಿಕ ವಿವರವೆಂಬ ನೆಪದಿಂದ ಉತ್ತರ ನಿರಾಕರಿಸುವುದನ್ನು ಸುಲಭಗೊಳಿಸಿತು. ಪ್ರಜೆಯು ಗಾಜಿನ ಮನೆಯಲ್ಲಿ, ಕಚೇರಿಯು ಪರದೆಯ ಹಿಂದೆ!

ಪ್ರತಿಯೊಂದು ಕೇಂದ್ರವೂ ಯಾವ ವಿವರವನ್ನು ಎಷ್ಟು ದಿನ ಇಡುತ್ತದೆ, ಯಾರಿಗೆ ಕೊಟ್ಟಿತು, ಎಂದು ಅಳಿಸಿತು ಎಂಬುದನ್ನು ವರ್ಷಕ್ಕೊಮ್ಮೆ ಚುನಾಯಿತ ನಗರಸಭೆಯ ಮುಂದಿಡುವಂತೆ ರಾಜ್ಯ ಸರಕಾರದವರು ವಿಧಿಸತಕ್ಕದ್ದು. ಇದಕ್ಕೆ ದಿಲ್ಲಿಯ ಅಪ್ಪಣೆಗಾಗಿ ಕಾಯಬೇಕಾದುದಿಲ್ಲ.