ಗೂಡಿಗೆ ಹರಾಜುಂಟು, ಬೆಂದ ಕೈಗೆ?

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಎಂದು ಭಾಷಣಗಳಲ್ಲಿ ಹೊಗಳುತ್ತಾರೆ. ಹೊಗಳಲಿ. ನಾವು ಕೇಳುವುದು ಒಂದೇ: ಈ ದೊಡ್ಡದರಲ್ಲಿ ನಮ್ಮ ಪಾಲು ಎಷ್ಟು?

ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆಯಿಂದ ಗೂಡಿನ ಮೂಟೆಗಳು ಬಂದಿಳಿಯುತ್ತವೆ. ತೂಕ, ಲಾಟ್ ನಂಬರು. ರೀಲರು ಹಿಡಿ ಗೂಡು ಎತ್ತಿ, ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾನೆ. ಹಿಂದೆ ಬಾಯಲ್ಲಿ ಕೂಗುತ್ತಿದ್ದರು, ಈಗ ಮೊಬೈಲಿನಲ್ಲಿ ಒತ್ತುತ್ತಾರೆ. ಬೊಂಬಾಯಿಯ ಷೇರುಪೇಟೆಯಲ್ಲೂ 1995ರಲ್ಲಿ ಕೂಗು ಅಡಗಿ ಕಂಪ್ಯೂಟರು ಬಂತು. ಆದರೆ ರೇಟು ಬಿದ್ದಾಗ ಷೇರಿನವನು ಬೀರುವಿಗೆ ಬೀಗ ಹಾಕಿ ಕಾಯಬಲ್ಲ. ಗೂಡಿನೊಳಗೆ ಜೀವ ಇದೆ ಕಣ್ರಪ್ಪ! ದಿನ ಮೀರಿದರೆ ಚಿಟ್ಟೆ ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಗೂಡಿನಿಂದ ನೂಲು ಬಿಚ್ಚಲಾಗದು. ಅದಕ್ಕೇ ರೈತ 'ಒಪ್ಪಲ್ಲ' ಅನ್ನೋ ಹಕ್ಕನ್ನು ಜೇಬಲ್ಲಿಟ್ಟುಕೊಂಡೇ ಬಂದಷ್ಟಕ್ಕೆ ಕೊಟ್ಟು ಬಸ್ಸು ಹತ್ತುತ್ತಾನೆ. 2011ರಲ್ಲಿ ದೆಹಲಿ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿತು. ಚೀನಾ ನೂಲಿನ ಮುಂದೆ ಇಲ್ಲಿಯ ಗೂಡು ನೆಲಕಚ್ಚಿತು.

ರೈತನ ಈ ಸಂಕಟ ನಮಗೆ ಗೊತ್ತು. ಅವನ ಗೂಡಿಗಾದರೂ ಒಂದು ಮಾರುಕಟ್ಟೆ, 1959ರ ಒಂದು ಕಾಯ್ದೆ ಇದೆ. ನಮ್ಮವ್ವಂದಿರಿಗೆ? ಕೋಳಿ ಕೂಗೋ ಮುಂಚೆ ಎದ್ದು ಹಿಪ್ಪುನೇರಳೆ ಸೊಪ್ಪು ಕುಯ್ದು ಹೊರೆ ಹೊತ್ತವರು ಅವರು. ಹೊರೆ ಇಳಿಸೋದು ಹುಳುಮನೆಯ ಹೊಸ್ತಿಲಾಚೆ. 'ಒಳೀಕ್ ಬರ್‌ಬ್ಯಾಡ ಕಣಮ್ಮಿ, ಹುಳಕ್ಕೆ ಮೈಲಿಗೆ ಆಯ್ತದೆ.' ಇವರು ಕುಯ್ದ ಸೊಪ್ಪು ಹುಳದ ಹೊಟ್ಟೆಯೊಳಕ್ಕೆ ಹೋಗಬಹುದು, ಇವರ ಕಾಲು ಹೊಸ್ತಿಲೊಳಕ್ಕೆ ಹೋಗಬಾರದು! ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ. ಆಗ ಮನೆಮಂದಿಗೆಲ್ಲ ಅದರದೇ ಜಪ. ಅವ್ವನಿಗೆ ಜ್ವರ ಬಂದರೆ ಅವತ್ತಿನ ಕೂಲಿ ಖೋತಾ.

ಇನ್ನು ನೂಲು ಬಿಚ್ಚುವ ಮನೆಗಳು. ಕುದಿನೀರಿನಲ್ಲಿ ಬೆರಳಾಡಿಸಿ ಎಳೆ ಹುಡುಕುವ ಕೈಗಳು ದಲಿತರವು, ಬಡ ಮುಸ್ಲಿಮರವು. ಜೀತ ರದ್ದಾಯಿತೆಂದು 1976ರಲ್ಲೇ ಕಾಯ್ದೆ ಬಂತು. 2003ರಲ್ಲೂ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ದೇಶದ ರೇಷ್ಮೆ ಉದ್ಯಮದಲ್ಲಿ ಸಾಲಕ್ಕೆ ಒತ್ತೆಬಿದ್ದ ಮಕ್ಕಳ ಬಗ್ಗೆ ವರದಿ ಬರೆಯಬೇಕಾಯಿತು, ಕರ್ನಾಟಕವೂ ಅದರಲ್ಲಿತ್ತು. ಬೆಂದ ಆ ಬೆರಳುಗಳನ್ನು ಯಾವ ತಕ್ಕಡಿ ತೂಗಿತು?

2007ರಲ್ಲಿ ಈ ನಾಲ್ಕು ತಾಲ್ಲೂಕು ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಬೋರ್ಡು ಬದಲಾಯಿತು, ಹೊಸ್ತಿಲು ಅಲ್ಲೇ ಇದೆ.

ಬೋರ್ಡು ಬರೆಯೋರೇ, ಇದನ್ನೂ ಬರೀರಿ. ಗೂಡಿನ ರೇಟಿನ ಪಕ್ಕದಲ್ಲೇ ಸೊಪ್ಪು ಕುಯ್ಯುವವರ, ನೂಲು ಬಿಚ್ಚುವವರ ಕನಿಷ್ಠ ಕೂಲಿಯನ್ನೂ ದಿನಾ ಬರೀರಿ. ಅಷ್ಟು ಕೊಡದವನಿಗೆ, ಗೂಡು ಮಾರುವವನಾಗಲಿ ಕೊಳ್ಳುವವನಾಗಲಿ, ಹರಾಜಿನ ಅಂಗಳದಲ್ಲಿ ಜಾಗ ಕೊಡಬೇಡಿ. ನಮ್ಮ ಕೇರಿಗೂ ಹಿಪ್ಪುನೇರಳೆ ತೋಟಕ್ಕೆ ನೆಲ ಕೊಡಿ, ಹುಳುಮನೆ ಕಟ್ಟಿಸಿ.

ಅವ್ವ ಹೊತ್ತ ಹೊರೆಯ ಮೇಲೆ ಓದಿದವರು ನಾವು. ತಕ್ಕಡಿಯ ಮುಳ್ಳು ಎತ್ತ ವಾಲುತ್ತದೆಂದು ನಮಗೀಗ ಓದಲು ಬರುತ್ತದೆ. ಹೊಸ್ತಿಲು ದಾಟಿ ಬಂದೇ ಕೇಳುತ್ತಿದ್ದೇವೆ.